ಈ ತಿಂಗಳ ಸಿಸೇರಿಯನ್ ಮುಗಿದಿದೆ

ನಮ್ಮ ಹೆರಿಗೆ ವಾರ್ಡಿನ ಗೋಡೆಗೆ ದೊಡ್ಡ ಡಾಕ್ಟರು ಒಂದು ಬಿಳಿ ಬೋರ್ಡು ಹಾಕಿಸಿದರು. ಎಡಗಡೆ ನಾರ್ಮಲ್, ಬಲಗಡೆ ಸಿಸೇರಿಯನ್. ತಿಂಗಳಿಗೆ ಇಷ್ಟೇ, ಬಲಗಡೆ ಮಿತಿ ದಾಟಕೂಡದು ಎಂದು ಮೀಟಿಂಗಿನಲ್ಲಿ ಅಪ್ಪಣೆಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈ ವಾರ್ಡಿನಲ್ಲಿ ನರ್ಸಾಗಿ ತಲೆ ನರೆತಿದೆ, ಬೇಡದ ಆಪರೇಷನ್ನುಗಳನ್ನು ಕಣ್ಣಾರೆ ನೋಡಿದ್ದೇನೆ.

ನನ್ನ ತಂಗಿಯ ಮೊದಲ ಹೆರಿಗೆ ಅಂಥದ್ದೇ. ನೋವು ಚೆನ್ನಾಗಿ ಬರುತ್ತಿತ್ತು, ಮಗುವೂ ಚೆನ್ನಾಗಿತ್ತು. ಆದರೆ ಡಾಕ್ಟರಿಗೆ ಸಂಜೆ ವಿಮಾನವಿತ್ತು. ಕೊಯ್ದರು, ಹೊಲಿದರು, ವಿಮಾನ ಹತ್ತಿದರು. ಆ ಪುಣ್ಯಾತ್ಮರೇ ಈಗ ನಮ್ಮ ದೊಡ್ಡ ಡಾಕ್ಟರು. ಸಹಜ ಹೆರಿಗೆಯ ಬಗ್ಗೆ ಊರೂರಿಗೆ ಹೋಗಿ ಭಾಷಣ ಮಾಡುತ್ತಾರೆ.

ಮೊನ್ನೆ ತಂಗಿ ಎರಡನೆಯ ಹೆರಿಗೆಗೆ ಬಂದಳು. ಬೋರ್ಡಿನ ಬಲಗಡೆ ಆಗಲೇ ಭರ್ತಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ, ಹಳೇ ಹೊಲಿಗೆಯ ಹತ್ತಿರ ಒಂದೇ ಸಮನೆ ನೋಯುತ್ತಿದೆ ಅಕ್ಕ ಎಂದಳು. ಮಗುವಿನ ಎದೆಬಡಿತ ಇಳಿಯತೊಡಗಿತು. ಒಳಗಿನ ಹಳೇ ಗಾಯ ಬಿಟ್ಟುಕೊಂಡರೆ ಇಬ್ಬರೂ ಉಳಿಯುವುದಿಲ್ಲ.

ಡ್ಯೂಟಿಯಲ್ಲಿದ್ದ ಚಿಕ್ಕ ಡಾಕ್ಟರಮ್ಮ ಒಳ್ಳೆಯವರೇ. ಎದೆಬಡಿತದ ಯಂತ್ರವನ್ನು ಒಂದು ಸಲ ನೋಡಿದರು, ಬೋರ್ಡನ್ನು ಎರಡು ಸಲ. ದೊಡ್ಡ ಡಾಕ್ಟರಿಗೆ ಫೋನ್ ಮಾಡಿದರೆ ಅವರು ಭಾಷಣದಲ್ಲಿದ್ದರು. ಇನ್ನು ಸ್ವಲ್ಪ ಹೊತ್ತು ಕಾದು ನೋಡೋಣವೇ ಎಂದು ನನ್ನನ್ನೇ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೈಗೆ ಸಿಕ್ಕ ಹತ್ತಿಯಿಂದ ಬೋರ್ಡಿನ ಬಲಗಡೆ ಪೂರ್ತಿ ಒರೆಸಿಬಿಟ್ಟೆ.

"ತಗೊಳ್ಳಿ ಡಾಕ್ಟ್ರೇ, ಈಗ ಜಾಗ ಇದೆ," ಎಂದೆ.

ಅವರು ಕೈ ತೊಳೆಯಲು ಹೋದರು.

ಹೊಟ್ಟೆ ತೆರೆದಾಗ ಗರ್ಭಕೋಶದ ಹಳೇ ಹೊಲಿಗೆಯ ಜಾಗ ಒಗೆದು ಒಗೆದು ಸವೆದ ಬಟ್ಟೆಯ ಹಾಗೆ ತೆಳ್ಳಗಾಗಿತ್ತು. ಒಂದು ಮೂಲೆ ಬಿಟ್ಟುಕೊಂಡೇ ಇತ್ತು. ಮಗು ಸ್ವಲ್ಪ ತಡವಾಗಿ ಅತ್ತಿತು. ನಾನು ಅದಕ್ಕೂ ಮೊದಲೇ ಅತ್ತಿದ್ದೆ. ತಾಯಿ, ಮಗು ಇಬ್ಬರೂ ಉಳಿದರು. ಇನ್ನೊಂದು ಬಸಿರು ಮಾತ್ರ ಆಕೆಯ ಜೀವಕ್ಕೇ ಕುತ್ತು ಎಂದು ಚಿಕ್ಕ ಡಾಕ್ಟರಮ್ಮ ಹೇಳಿದರು.

ಮಾರನೆಯ ದಿನ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. ತಂಗಿಯ ಮುಖ ಅವರಿಗೆ ಗುರುತು ಹತ್ತಲಿಲ್ಲ. ಬೋರ್ಡಿನ ಮುಂದೆ ನಿಂತು, ಮಿತಿ ಮುಗಿದ ಮೇಲೆ ಮಾಡಿದ ಇದನ್ನು ಯಾವ ತಿಂಗಳಿಗೆ ಬರೆದುಕೊಳ್ಳಬೇಕು ಎಂದು ನನ್ನನ್ನು ಕೇಳಿದರು.

"ಇವಳ ಮೊದಲ್ನೇ ಹೆರಿಗೆ ದಿನ ನೀವು ವಿಮಾನ ಹತ್ತಿದ್ರಲ್ಲ ಸಾರ್, ಆ ತಿಂಗಳಿಗೇ ಬರ್ಕೊಳ್ಳಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡು, ಯೋಚನೆ ಮಾಡಿ, ಯಾವ ವಿಮಾನ ಎಂದು ಕೇಳಿದರು.