ಪ್ರತಿ ಸಾಲಿಗೂ ಭವ್ಯಶ್ರೀ

ಗೋಳಿಬಜೆ ತರಿಸಿದ್ದು ತನ್ನನ್ನು ಮೆಚ್ಚಿ ಎಂದು ತಿಳಿಯುವಷ್ಟರಲ್ಲಿ ಭವ್ಯಶ್ರೀ ಒಂದನ್ನು ಬಾಯಿಗೆ ಹಾಕಿಕೊಂಡಾಗಿತ್ತು.

"ತಿನ್ನು ಮಾರಾಯ್ತಿ, ನಾಚಿಕೆ ಎಂತಕ್ಕೆ?" ಎಂದ ಜಿತೇಂದ್ರ.

ಸೀತಾಂಗೋಳಿಯ ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿದ್ದ ಆ ಪುಟ್ಟ ಆಫೀಸಿಗೆ ಅವನೇ ಯಜಮಾನ. ಹಾಲಿನ ಸೊಸೈಟಿಗಳಿಗೆ ಪ್ರೋಗ್ರಾಮ್ ಮಾಡಿಕೊಡುವುದು ಅಲ್ಲಿನ ಕೆಲಸ. ಕೆಲಸಕ್ಕಿದ್ದವರು ಇಬ್ಬರೇ: ಭವ್ಯಶ್ರೀ, ಮತ್ತು ಹೆಂಡತಿಯ ಹೆರಿಗೆಗೆಂದು ರಜೆಯಲ್ಲಿದ್ದ ಲತೀಶ್.

"ನಿನ್ನೆ ಸೊಸೈಟಿಯಲ್ಲಿ ಪ್ರೋಗ್ರಾಮ್ ನಿಂತಾಗ ನೀನೇ ಸರಿ ಮಾಡಿದ್ದಂತೆ. ಇವತ್ತು ನಾನೂ ಆ ಪ್ರೋಗ್ರಾಮ್ ತೆಗೆದು ನೋಡಿದೆ. ಲತೀಶ ಮಾಡ್ತಾನೆ ಅಂತ ಇಷ್ಟು ಸಮಯ ನಂಬಿದ್ದು ನಾನು. ನೋಡಿದರೆ ಪ್ರತಿ ಸಾಲಿನ ಪಕ್ಕದಲ್ಲಿಯೂ ನಿನ್ನದೇ ಹೆಸರು ಉಂಟಲ್ಲ!"

ಎರಡನೆಯದಕ್ಕೆ ಚಾಚಿದ ಕೈಯನ್ನು ಭವ್ಯಶ್ರೀ ಹಿಂದೆಗೆದುಕೊಂಡಳು.

ಸಾಲಿನ ಪಕ್ಕ ಕಾಣುವ ಹೆಸರು ಅದನ್ನು ಬರೆದವರದಲ್ಲ, ಕೊನೆಗೆ ಮುಟ್ಟಿದವರದು. ಅವಳು ಮುಟ್ಟಿದ್ದು ಹೌದು. ಲತೀಶ್ ಬರೆದಿದ್ದ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ, ಓಡಿಸಿ ನೋಡದೆ ಸೊಸೈಟಿಗೆ ಕಳುಹಿಸಿದ್ದಳು. ಆ ಪ್ರೋಗ್ರಾಮ್ ಬರೆದಿದ್ದ ಪೈಥಾನ್ ಭಾಷೆಯಲ್ಲಿ ಸಾಲಿನ ಮೊದಲು ಬಿಡುವ ಜಾಗಕ್ಕೂ ಅರ್ಥವಿದೆ. ಯಾವುದು ಯಾವುದರ ಒಳಗೆ ಎಂದು ಕಂಪ್ಯೂಟರಿಗೆ ತಿಳಿಯುವುದು ಅದರಿಂದಲೇ. ಲತೀಶ್ ಆ ಜಾಗವನ್ನು ಟ್ಯಾಬ್ ಕೀಲಿ ಒತ್ತಿ ಬಿಡುವವನು. ಇವಳು ಪ್ರೋಗ್ರಾಮ್ ಬರೆಯುವ ಎಡಿಟರ್ ಅದೇ ಜಾಗಕ್ಕೆ ಬಿಡಿಬಿಡಿ ಸ್ಪೇಸ್ ತುಂಬಿಸುವಂಥದ್ದು. ಕಣ್ಣಿಗೆ ಎರಡೂ ಒಂದೇ. ಆದರೆ ಎರಡು ಬೆರೆತದ್ದೇ ತಡ, ನಿನ್ನೆ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಪ್ರೋಗ್ರಾಮ್ ತೆರೆಯಲೇ ಇಲ್ಲ.

ಲತೀಶನನ್ನು ಕೇಳಿದರೆ ತನ್ನ ದಡ್ಡತನ ಬಯಲಾದೀತು ಎಂದು ಹೆದರಿ, ಅಷ್ಟೂ ಟ್ಯಾಬುಗಳನ್ನು ಒಂದೇ ಏಟಿಗೆ ಸ್ಪೇಸ್ ಮಾಡಿಬಿಟ್ಟಿದ್ದಳು. ಹೆಚ್ಚುಕಮ್ಮಿ ಎಲ್ಲ ಸಾಲಿಗೂ ಅವಳ ಹೆಸರು ಬಿದ್ದದ್ದು ಹಾಗೆ. ಏನು ಮಾಡಿದೆ ಎಂದು ಬರೆಯಬೇಕಾದಲ್ಲಿ 'ಸುಧಾರಣೆ' ಎಂದು ಬರೆದಳು. ಅಳೆದೂ ಸುರಿದೂ ಆರಿಸಿದ ಮಾತು ಅದು. ಪೂರ್ತಿ ಸುಳ್ಳಲ್ಲ, ನಿಜವಂತೂ ಅಲ್ಲವೇ ಅಲ್ಲ.

"ಹಾಗಲ್ಲ ಸರ್, ಲತೀಶಣ್ಣನೂ..."

"ನೀನು ಅವನನ್ನು ವಹಿಸಿಕೊಂಡು ಬರ್ಬೇಡ. ಬರುವ ತಿಂಗಳಿಂದ ಅವ ಬೇರೆ ಕಡೆ ಕೆಲಸ ನೋಡಿಕೊಳ್ಳಲಿ."

ಆಗಲೇ ಹೇಳಬೇಕಿತ್ತು. ಅವಳು ಬೆರಳಿನ ಎಣ್ಣೆಯನ್ನು ಪೇಪರಿಗೆ ಒರೆಸುತ್ತ ಕುಳಿತಳು. ಜಿತೇಂದ್ರ ಲತೀಶನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ.

"ಸರ್! ಹೆಣ್ಣು ಮಗು. ನಿಮಗೆ ಫೋನ್ ಮಾಡ್ಬೇಕು ಅಂತಲೇ ಇದ್ದೆ."

"ಒಳ್ಳೆದಾಯ್ತು. ಆದರೆ ಲತೀಶಾ, ಪ್ರೋಗ್ರಾಮಿನಲ್ಲಿ ನಿನ್ನದು ಒಂದು ಸಾಲಾದರೂ ಉಂಟಾ? ಪೂರಾ ಭವ್ಯನದ್ದೇ ಅಲ್ವಾ!"

ಅತ್ತ ಕಡೆಯಿಂದ ಲತೀಶನ ನಗು ಕೇಳಿಸಿತು.

"ಪೂರಾವಾ? ಭವ್ಯಾ, ಅಲ್ಲಿದ್ದೀಯಾ? ನನ್ನ ಟ್ಯಾಬೆಲ್ಲ ಗುಡಿಸಿ ಹಾಕಿದ್ದಾ ಮಾರಾಯ್ತಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಆ ನಗುವಿನಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಭವ್ಯಶ್ರೀ ಎದ್ದು ಜಿತೇಂದ್ರನ ಕಂಪ್ಯೂಟರಿನ ಮೌಸ್ ಹಿಡಿದಳು.

"ಸರ್, ಖಾಲಿ ಜಾಗ ಬದಲಾದದ್ದನ್ನು ಲೆಕ್ಕಕ್ಕೆ ಹಿಡಿಯದೆ ನೋಡ್ಲಿಕ್ಕೆ ಆಗ್ತದೆ."

ಪರದೆಯ ಮೂಲೆಯ ಚೌಕದಲ್ಲಿ ಒಂದು ಗುರುತು ಹಾಕಿದಳು. ಮೇಲಿನಿಂದ ಕೆಳಗಿನವರೆಗೆ ಅವಳ ಹೆಸರು ಅಳಿಸಿಹೋಗಿ, ಲತೀಶ್, ಲತೀಶ್, ಲತೀಶ್ ಎಂದು ತುಂಬಿಕೊಂಡಿತು. ಜಿತೇಂದ್ರ ಪರದೆಯನ್ನು ಸರಿಸುತ್ತ ಹೋದ. ಬಹಳ ಕೆಳಗೆ ಒಂದೆಡೆ ಮಾತ್ರ ಭವ್ಯಶ್ರೀ ಎಂದಿತ್ತು.

"ನಿನ್ನೆ ಪ್ರೋಗ್ರಾಮ್ ನಿಂತದ್ದು ಆ ಸಾಲಿನಿಂದ ಸರ್," ಎಂದಳು.

"ಹಾಗಾದರೆ ನಾನು ಹೊಗಳುವಾಗ ನಿನಗೆ ಇದೆಲ್ಲ ಗೊತ್ತಿತ್ತು."

"ಗೊತ್ತಿತ್ತು."

"ಅವನ ಕೆಲಸ ಹೋಗ್ತದೆ ಅಂತ ಹೇಳುವಾಗಲೂ ಗೊತ್ತಿತ್ತು?"

ಭವ್ಯಶ್ರೀ ಮೌಸಿನಿಂದ ಕೈ ತೆಗೆದಳು. ಈ ಸಲ 'ಸುಧಾರಣೆ'ಯಂಥ ಜಾಣ ಮಾತು ಹುಡುಕಲಿಲ್ಲ.

"ಹೊಗಳುವುದು ಕೇಳ್ಲಿಕ್ಕೆ ಚಂದ ಇತ್ತು ಸರ್," ಎಂದಳು.

ಫೋನ್ ಇನ್ನೂ ಸ್ಪೀಕರಿನಲ್ಲಿ ಮೇಜಿನ ಮೇಲೆಯೇ ಇತ್ತು; ಲತೀಶ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಲತೀಶನ ನಗು ಎಲ್ಲಿ ನಿಂತಿತೋ ಅವಳಿಗೆ ತಿಳಿಯಲಿಲ್ಲ. ಅವನ ಹಿಂದಿನಿಂದ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

"ಇಡ್ತೇನೆ ಸರ್," ಎಂದ ಅವನು. ಈ ಸಲ 'ಭವ್ಯಾ' ಎಂದು ಕರೆಯಲಿಲ್ಲ.