ಹಂಪ್ ಬರುವ ಮೊದಲೇ

ಇವಳ ಕುತ್ತಿಗೆಯ ಹಿಂದೆ ಎಳ್ಳಿನಷ್ಟು ಮಚ್ಚೆ, ಇಷ್ಟು ಹೊತ್ತು ಅದನ್ನೇ ನೋಡುತ್ತ ಕೂರುವ ಯೋಗ ನನಗೆ ಬಂದಿರಲಿಲ್ಲ, ಸ್ಕೂಟರಿನಲ್ಲಿ ನಾನು ಮುಂದೆ ಅವಳು ಹಿಂದೆ, ಇವತ್ತು ಸ್ಕೂಟರ್ ಗ್ಯಾರೇಜಿನಲ್ಲಿ, ನಾನು ಕಾರಿನ ಹಿಂದಿನ ಸೀಟಿನಲ್ಲಿ, ಹೆಂಡತಿ ಮುಂದೆ, ಅವಳ ಪಕ್ಕ ಸ್ಟಿಯರಿಂಗ್ ಹಿಡಿದ ಹಲ್ಲಿನ ಡಾಕ್ಟರು — ನಮ್ಮ ಪೂಲ್ ಕಾರಲ್ಲೇ ಬಂದ್ಬಿಡಿ ರೀ, ಆ್ಯಪಲ್ಲಿ ಹಿಂದೆ ಒಂದು ಸೀಟು ಖಾಲಿ ತೋರಿಸ್ತಿದೆ, ಅಂದಳು ಬೆಳಿಗ್ಗೆ, ನಮ್ಮ ಅಂದಳು, ನಮ್ಮ ಮನೆ ನಮ್ಮ ಮಿಕ್ಸಿ ಅನ್ನುವ ಅದೇ ಬಾಯಲ್ಲಿ ನಮ್ಮ ಕಾರು, ಅವಳು ಕೆಲಸ ಮಾಡುವ ಕಣ್ಣಾಸ್ಪತ್ರೆ ಇವರ ಹಲ್ಲಿನ ಕ್ಲಿನಿಕ್ಕು ಒಂದೇ ಕಟ್ಟಡವಂತೆ, ಒಂದೇ ಕಡೆ ಹೋಗುವವರು ಹಂಚಿಕೊಂಡು ಹೋದರೆ ಪೆಟ್ರೋಲ್ ಉಳಿಯುತ್ತದಂತೆ, ಹಂಚಿಕೆಯಂತೆ, ಹಂಚಿಕೆ ಅಂದರೆ ಪಾಲೂ ಹೌದು ಸಂಚೂ ಹೌದು, ಬೇಕಾದರೆ ನಿಘಂಟು ತೆಗೆದು ನೋಡಲಿ — ಸರ್, ಕಾಲಿಗೆ ಜಾಗ ಸಾಕಾ, ಡಾಕ್ಟರು ಕನ್ನಡಿಯಲ್ಲಿ ಕೇಳುತ್ತಾರೆ, ಸಾಕು ಸಾಕಾಯ್ತು ಡಾಕ್ಟ್ರೇ, ಅಂದೆ, ಹಲ್ಲು ಬಿಟ್ಟರು, ಸಾಲಾಗಿವೆ, ಒಳ್ಳೇ ಹಲ್ಲಿನವರೇ ಯಾಕೆ ಹಲ್ಲಿನ ಡಾಕ್ಟರಾಗಬೇಕು, ಅಷ್ಟರಲ್ಲಿ ಹಂಪ್, ಬಣ್ಣ ಅಳಿಸಿಹೋದ, ಹೊಸಬರಿಗೆ ಕಾಣದ ಹಂಪ್, ಅದು ಬರುವ ಮೊದಲೇ ಇವಳ ಕೈ, ಮಾತಿನ ಮಧ್ಯೆ, ಕಿಟಕಿಯಾಚೆ ನೋಡುತ್ತಲೇ, ಗೇರಿನ ಪಕ್ಕದ ಗೂಡಿನಿಂದ ಡಾಕ್ಟರ ಕಾಫಿಯ ಪೇಪರ್ ಲೋಟವನ್ನು ಮೇಲೆತ್ತಿತು, ಕಾರು ಎದ್ದು ಬಿತ್ತು, ನನ್ನ ತಲೆ ಸೂರಿಗೆ ಢಪ್, ಲೋಟ ಮತ್ತೆ ಗೂಡಿಗೆ, ಒಂದು ಹನಿ ತುಳುಕಲಿಲ್ಲ, ಎತ್ತಿದ್ದು ಅವಳಿಗೇ ಗೊತ್ತಿಲ್ಲ, ಅವರು ಥ್ಯಾಂಕ್ಸ್ ಅನ್ನಲಿಲ್ಲ, ಅನ್ನಬೇಕಿತ್ತು, ಅಂದಿದ್ದರೆ ನಾನು ಹೀಗೆ ಉರಿಯುತ್ತಿರಲಿಲ್ಲ, ಥ್ಯಾಂಕ್ಸ್ ಅನ್ನುವುದು ಹೊರಗಿನವರಿಗೆ, ಪೆಟ್ರೋಲ್ ಅವರದು, ಕಿಚ್ಚು ನನ್ನದು.

ಸ್ಕೂಟರಿನಲ್ಲೂ ಹಂಪಿಗೆ ಮುಂಚೆ ಇದೇ ಕೈ ನನ್ನ ಹೆಗಲ ಮೇಲೆ ಬಿಗಿಯುತ್ತಿತ್ತು, ಪ್ರೀತಿನಾ ಅಂತ ಕೇಳಿದ್ದೆ ಒಮ್ಮೆ, ಪ್ರಾಣಭಯ ರೀ ಅಂದಿದ್ದಳು, ಸಿಗ್ನಲ್ ಹಸಿರಾದರೂ ನಗುತ್ತ ನಿಂತಿದ್ದೆವು, ಹಿಂದಿನವರು ಹಾರ್ನ್ ಹೊಡೆದು ಹೊಡೆದು — ಈಗಲೂ ಹಾರ್ನ್, ಡಾಕ್ಟರು ಫೋನಿನ ದಾರಿ ತೋರಿಸುವ ಹೆಂಗಸಿನ ದನಿಯಲ್ಲಿ, ಮುಂದೆ ನಿಮ್ಮ ಅತ್ತೆಮನೆ ಇದೆ, ಸಾಧ್ಯವಾದರೆ ಯೂ ಟರ್ನ್ ತೆಗೆದುಕೊಳ್ಳಿ, ಅಂದರು, ಇವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಅರೆ, ಅದು ನನ್ನದು, ಸಾಧ್ಯವಾದರೆ ಅನ್ನುವ ಮುಂಚಿನ ಆ ಚಿಕ್ಕ ಕೆಮ್ಮೂ ನನ್ನದು, ಮದುವೆಯ ಹೊಸತರಲ್ಲಿ ಇವಳೊಬ್ಬಳಿಗಾಗಿ ಮಾಡಿದ್ದು, ಬ್ಯಾಂಕಿನ ಫೋನಿನಲ್ಲಿ ದಯವಿಟ್ಟು ಕಾಯಿರಿ ಅಂತ ಊರಿಗೆಲ್ಲ ಹೇಳುವ ರೆಕಾರ್ಡಿಂಗಿನ ದನಿ ನನ್ನದು, ಅದು ಎಲ್ಲರದೂ ಆಗಲಿ, ಇದು ಮಾತ್ರ ಮನೆಯದಾಗಿತ್ತು — ಇದು ಇವರದೇ ಡಾಕ್ಟ್ರೇ, ಇವರು ಇನ್ನೂ ಚೆನ್ನಾಗಿ ಮಾಡ್ತಾರೆ, ಮಾಡಿ ರೀ, ಅಂದಳು, ಮುಚ್ಚಿಡುವುದೇನೂ ಇಲ್ಲದವಳ ಹಾಗೆ, ಮಾಡಿದೆ, ಗಂಟಲಲ್ಲಿ ಡಾಕ್ಟರೇ ಬಂದು ಕೂತರು, ನನ್ನದನ್ನೇ ನಾನು ಅವರಿಂದ ಕದ್ದ ಹಾಗಾಯಿತು, ಇಬ್ಬರೂ ನಕ್ಕರು, ಸ್ವಲ್ಪ ತಡವಾಗಿ, ಮತ್ತೆ ಹಂಪ್, ಲೋಟ ಮೇಲೆ, ಲೋಟ ಕೆಳಗೆ, ನಿಮ್ಮ ಸ್ಟುಡಿಯೋ ಬಂತು ಇಳೀರಿ, ಸಂಜೆ ಸಿಗೋಣ, ಅಂದಳು, ಬಾಗಿಲು ಧಪ್, ಕಾರು ಹೋಯಿತು, ಫುಟ್‌ಪಾತಿನಲ್ಲಿ ಫೋನ್ ಮಿಡಿಯುತ್ತದೆ, ನಿಮ್ಮ ಸವಾರಿ ಹೇಗಿತ್ತು, ಐದು ಖಾಲಿ ನಕ್ಷತ್ರ, ದೂರು ಬಿದ್ದರೆ ಕಾರಿನವರನ್ನು ಆ್ಯಪಿನಿಂದ ತೆಗೆದುಹಾಕುತ್ತಾರಂತೆ, ಇವಳೇ ಅಂದಿದ್ದಳು, ಪಾಪ ಯಾರೋ ಹಾಗೇ ಹೋದರಂತೆ, ಇವರೂ ಹೋಗಲಿ, ನಾಳೆಯಿಂದ ಅವಳು ನನ್ನ ಬೆನ್ನ ಹಿಂದೆ, ಆ ಕೈ ನನ್ನ ಹೆಗಲಿಗೆ, ಒತ್ತಿದೆ, ಒಂದೇ ನಕ್ಷತ್ರ, ಕಾರಣ ತಿಳಿಸಿ ಅನ್ನುತ್ತದೆ, ಅತಿವೇಗವೇ, ಇಲ್ಲ, ಕೊಳಕೇ, ನಮ್ಮನೆಗಿಂತ ಚೊಕ್ಕಟ, ಒರಟು ನಡವಳಿಕೆಯೇ, ಕಾಲಿಗೆ ಜಾಗ ಸಾಕಾ ಅಂತ ಕೇಳಿದ ಮನುಷ್ಯ, ಇತರೆ, ವಿವರಿಸಿ, ಏನಂತ ವಿವರಿಸಲಿ, ನನ್ನ ಹೆಂಡತಿ ಅಂತ ಬರೆದೆ, ಅಳಿಸಿದೆ, ಹಂಪ್ ಬರುವ ಮೊದಲೇ ಅಂತ ಬರೆದೆ, ಕಳುಹಿಸಿ ಅನ್ನುವುದರ ಮೇಲೆ ಹೆಬ್ಬೆರಳು ನಿಂತಿತು, ಈಗ ಅವರು ಆಸ್ಪತ್ರೆ ಗೇಟಿನ ಹಂಪ್ ಹತ್ತಿರ ಇರಬೇಕು, ಅವಳು ಕಿಟಕಿಯಾಚೆ ನೋಡುತ್ತಿರಬೇಕು, ಲೋಟ, ಅವಳ ಕೈಯಲ್ಲಿ, ಮೇಲೆ, ಇನ್ನೂ ಮೇಲೆಯೇ —