ಗುಬ್ಬಿಯ ಕತ್ತಿಗೆ ಕೆಂಪು ಗೆರೆ

ಒಂದು ಗಳಿಗೆ ಕೂತು ಇದನ್ನು ಕೇಳಿ, ಪೂರ್ತಿ ಕೇಳಿ. ‘ಅಯ್ಯೋ, ಗಂಡ ಹೆಂಡಿರ ಜಗಳ ತಾನೇ’ ಅಂತ ಅರ್ಧಕ್ಕೆ ಎದ್ದು ಹೋಗಬೇಡಿ. ಜಗಳ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಅದರಲ್ಲಿ ಮುಕ್ಕಾಲು ಪಾಲು ಬಾಯಲ್ಲಿ ನಡೆದದ್ದಲ್ಲ, ಪೆನ್ಸಿಲ್ಲಿನಲ್ಲಿ ನಡೆದದ್ದು.

ಟೈಲರಮ್ಮನಿಗೆ ಐವತ್ತೆರಡು ವರ್ಷ. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮೆಷಿನ್ನು, ಹಿಂದಿನ ಕೋಣೆಯಲ್ಲಿ ಗಂಡನ ಮರಗೆಲಸ. ಗಂಡನನ್ನು ಬೀದಿಯೆಲ್ಲ ಮೇಸ್ತ್ರಿ ಅನ್ನುತ್ತಿತ್ತು. ಅವನು ಮಾಡಿದ ಕುರ್ಚಿಯ ಮೇಲೆ ಆನೆ ಕೂತರೂ ಕಿರ್ ಅನ್ನುವುದಿಲ್ಲ ಎಂದು ಹೆಸರು. ಮದುವೆಯಾದ ವರ್ಷ ಅವನು ಹೆಂಡತಿಗೆ ಒಂದು ಬಿಲ್ಲು ಮಾಡಿಕೊಟ್ಟಿದ್ದ. ಅದನ್ನೂ ಕುರ್ಚಿಯ ಲೆಕ್ಕದಲ್ಲೇ ಮಾಡಿದ್ದ, ಗಟ್ಟಿಮುಟ್ಟು. ಎರಡೂ ತುದಿಯಲ್ಲಿ, ಹೆದೆ ಕೂರುವ ಕಚ್ಚಿಗಿಂತ ಮೇಲೆ, ಹೆಬ್ಬೆರಳಿನಷ್ಟು ದಪ್ಪದ ಒಂದೊಂದು ಗುಬ್ಬಿ ತಲೆ. ಒಂದು ಬಾಯಿ ತೆರೆದಿದೆ, ಇನ್ನೊಂದು ಮುಚ್ಚಿದೆ. ತೆರೆದಿರೋದು ನೀನು ಅಂತ ಅವನು, ಕರೆದರೂ ಓ ಅನ್ನದ್ದು ನೀವು ಅಂತ ಅವಳು, ಇಪ್ಪತ್ತೆಂಟು ವರ್ಷದಿಂದ ನಡೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ ಬಿಲ್ಲಿನವರ ಕ್ಲಬ್ಬು ಸೇರುತ್ತದೆ. ಅಲ್ಲೊಂದು ನಿಯಮ. ದೊಡ್ಡವರ ಸಾಲಿನಲ್ಲಿ ನಿಲ್ಲುವವರ ಬಾಣ ವರ್ಷಕ್ಕೊಮ್ಮೆ ನೂರು ಮೀಟರಿನ ಸುಣ್ಣದ ಗೆರೆ ಮುಟ್ಟಬೇಕು. ಮೂರು ವರ್ಷ ಒಂದೇ ಸಮ ಮುಟ್ಟದಿದ್ದರೆ ಮಕ್ಕಳ ಸಾಲಿಗೆ ಹೋಗಬೇಕು, ಇಲ್ಲವೇ ಕ್ಲಬ್ಬಿನ ಫೈಬರ್ ಬಿಲ್ಲು ಹಿಡಿಯಬೇಕು. ಭುಜದ ಕಸುವು ಇಳಿದ ಮೇಲೆ ಟೈಲರಮ್ಮನ ಬಾಣ ಎರಡು ವರ್ಷವೂ ಎಂಟು ಹೆಜ್ಜೆ ಹಿಂದೆಯೇ ಬಿದ್ದಿತ್ತು. ಈ ಸಲವೂ ಬಿದ್ದರೆ ಮಕ್ಕಳ ಸಾಲಿಗೆ ಹೋಗುವವಳಲ್ಲ ಅವಳು, ಗಂಡನ ಬಿಲ್ಲು ಗೋಡೆಯ ಮೊಳೆಗೆ. ಬೇರೆ ಬಿಲ್ಲು ಹಿಡಿಯುವ ಮಾತೇ ಅವಳಿಗೆ ಬೇರೆ ಮನೆಗೆ ಹೋಗಿ ಸಂಸಾರ ಮಾಡು ಅಂದಹಾಗೆ ಕೇಳಿಸುತ್ತಿತ್ತು.

ಕ್ಲಬ್ಬು ನಡೆಸುವ ಡ್ರಿಲ್ ಮೇಷ್ಟ್ರು ಒಂದು ದಿನ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ ಕಾಯಿಲೆ ಹೇಳಿದರು. ಬಾಣ ಎಸೆಯುವ ಮೊದಲು ಬಿಲ್ಲು ತನ್ನ ತುದಿಗಳನ್ನೇ ಎಸೆಯಬೇಕು, ತುದಿ ಭಾರವಾದಷ್ಟೂ ಬಾಣದ ಪಾಲಿಗೆ ಉಳಿಯುವುದು ಕಡಿಮೆ. “ಬೂಟಿಗೆ ಕಲ್ಲು ತುಂಬಿಕೊಂಡು ಓಡ್ತಿದೆಯಮ್ಮ ನಿಮ್ಮ ಬಿಲ್ಲು,” ಅಂದರು. ಜೊತೆಗೆ ಕೆಳಗಿನ ತೋಳು ಮೇಲಿನದರಷ್ಟು ಬಾಗುತ್ತಿಲ್ಲವಂತೆ.

ಅವಳು ಇದನ್ನು ಊಟಕ್ಕೆ ಕೂತಾಗ ಎತ್ತಿದ್ದೇ ತಪ್ಪಾಯಿತು. ಅವತ್ತು ತಂಗಿ, ತಂಗಿಯ ಗಂಡ ಇಬ್ಬರೂ ಬಂದಿದ್ದರು. ಷಡ್ಡಕನ ಬಾಯಿ ಸುಮ್ಮನಿರಬೇಕಲ್ಲ, ಈ ಬಿಲ್ಲಿಗೆ ಬಟ್ಟೆ ಒಣಹಾಕಬಹುದು ಬಿಡಿ ಅಂದುಬಿಟ್ಟ. ಮೇಸ್ತ್ರಿ ತುತ್ತು ಕೆಳಗಿಟ್ಟ.

“ನಾನಿರೋ ತನಕ ಆ ಬಿಲ್ಲಿಂದ ನನ್ನ ಕೈ ಒಂದು ಸಿಪ್ಪೆನೂ ತೆಗೆಯಲ್ಲ. ಬಿಲ್ಲು ಸರಿಯಾಗೇ ಇದೆ. ಇವಳ ಮೊಣಕೈ ನೆಟ್ಟಗಿಲ್ಲ.”

ಹಿಡಿದ ಪಟ್ಟು ಬಿಡದ ಜೀವ ಅದು. ಒಮ್ಮೆ ಆಡಿದರೆ ಮುಗಿಯಿತು, ಉಗುಳಿದ್ದನ್ನು ನುಂಗುವ ಪೈಕಿ ಅಲ್ಲ.

ಟೈಲರಮ್ಮನೂ ಕಡಿಮೆಯೇನಲ್ಲ. ಮೊದಲು ತನಗೆ ಗೊತ್ತಿದ್ದ ಕಡೆಯಿಂದ ಹಿಡಿದಳು, ದಾರದಿಂದ. ಹಳೆಯ ಹೆದೆ ಇಪ್ಪತ್ತು ಎಳೆಯದು, ಕಿರುಬೆರಳಿನ ಗಾತ್ರ. ಡ್ರಿಲ್ ಮೇಷ್ಟ್ರನ್ನು ಕೇಳಿಕೊಂಡು, ಗಟ್ಟಿ ನಾರಿನ ದಾರದಲ್ಲಿ ಹದಿನಾಲ್ಕು ಎಳೆ ಹೊಸೆದು, ಮೇಣ ಹಚ್ಚಿ ಹೊಸ ಹೆದೆ ಮಾಡಿದಳು. ಎಂಟು ಹೆಜ್ಜೆ ಆರಾಯಿತು. ಆಸೆ ಹುಟ್ಟಿತು ನೋಡಿ. ಮಧ್ಯಾಹ್ನ ಮೇಸ್ತ್ರಿ ಊಟ ಮಾಡಿ ಗೊರಕೆ ಶುರುಮಾಡಿದ ಕೂಡಲೇ ಹಿಂದಿನ ಕೋಣೆಗೆ ಹೋಗಿ, ಗಾಜಿನ ಚೂರಿನಿಂದ ಕೆಳಗಿನ ತೋಳನ್ನು ಕೆರೆಯತೊಡಗಿದಳು. ಎಲ್ಲಿ ಕೆರೆಯಬೇಕೋ ಅಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೀಟು. ಸಿಪ್ಪೆಯನ್ನೆಲ್ಲ ಹೊಲಿಗೆಯ ಚಿಂದಿಯ ಬುಟ್ಟಿಗೆ.

ಮಾರನೆಯ ದಿನ ಬಿಲ್ಲು ಕೈಗೆತ್ತಿಕೊಂಡರೆ ಅವಳ ಗೀಟು ಮಾಯ. ಯಾರೋ ಒರೆಸಿ, ಎರಡು ಬೆರಳು ಕೆಳಗೆ ಪೆನ್ಸಿಲ್ಲಿನಲ್ಲಿ ಚಿಕ್ಕದೊಂದು ಕೊಕ್ಕೆ ಹಾಕಿದ್ದರು. ಮೇಸ್ತ್ರಿ ಹಲಗೆಗಳ ಮೇಲೆ ಹಾಕುತ್ತಿದ್ದ ಅದೇ ಕೊಕ್ಕೆ. ಅವಳು ಅಲ್ಲೇ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಸಿಪ್ಪೆ ತೆಗೆಯಲ್ಲ ಅಂದಿದ್ದನೇ ಹೊರತು ಗುರುತು ಹಾಕಲ್ಲ ಅಂದಿರಲಿಲ್ಲವಲ್ಲ.

ಆಮೇಲಿನ ಹದಿನೈದು ದಿನ ಆ ಮನೆಯಲ್ಲಿ ಸೀಮೆಸುಣ್ಣಕ್ಕೂ ಪೆನ್ಸಿಲ್ಲಿಗೂ ಮಾತುಕತೆ. ಅವಳು ಅನುಮಾನ ಬಂದ ಕಡೆ ಸುಣ್ಣದಲ್ಲಿ ಒಂದು ಪ್ರಶ್ನೆ ಚಿಹ್ನೆ ಬರೆದಿಟ್ಟರೆ ಬೆಳಿಗ್ಗೆ ಹೊತ್ತಿಗೆ ಪಕ್ಕದಲ್ಲಿ ಕೊಕ್ಕೆ, ಅಂದರೆ ಇನ್ನೂ ಕೆರೆ. ಅಡ್ಡಗೀಟಿನ ಕಾಟು ಇದ್ದರೆ, ಇಷ್ಟು ಸಾಕು, ಕೈ ತೆಗೆ ಅಂತ. ಒಂದು ಸಲ ಉತ್ಸಾಹದಲ್ಲಿ ಜಾಸ್ತಿ ಕೆರೆದಿದ್ದಳು, ಮಾರನೆಯ ದಿನ ಅಲ್ಲಿ ಮೂರು ಕಾಟು, ಮೂರನೆಯದಕ್ಕೆ ಪೆನ್ಸಿಲ್ ಮೊನೆಯೇ ಮುರಿದಿತ್ತು. ಊಟಕ್ಕೆ ಕೂತರೆ ಇಬ್ಬರೂ ಏನೂ ಗೊತ್ತಿಲ್ಲದವರ ಹಾಗೆ ನಲ್ಲಿ ಸೋರುವುದರ ಬಗ್ಗೆ ಮಾತಾಡುತ್ತಿದ್ದರು. ಎರಡೂ ತೋಳು ಒಂದೇ ಸಮ ಬಾಗತೊಡಗಿದವು, ಬದಿಗಳು ತುದಿಯತ್ತ ಸಣ್ಣಗಾದವು. ಆರು ಹೆಜ್ಜೆ ನಾಲ್ಕಾಯಿತು, ಎರಡಾಯಿತು. ಅಲ್ಲಿಗೆ ನಿಂತಿತು. ಇನ್ನು ಕೆರೆದರೆ ಬಿಲ್ಲಿನ ಬಲವೇ ಹೋಗುತ್ತದೆ. ಉಳಿದಿದ್ದ ಭಾರ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಆ ಕಡೆ ಕಣ್ಣೆತ್ತಿ ನೋಡಿರಲಿಲ್ಲ.

ಕ್ಲಬ್ಬಿನ ನೂರು ಮೀಟರಿನ ಪರೀಕ್ಷೆಗೆ ಮೂರು ದಿನ ಇದ್ದಾಗ ಎರಡೂ ಗುಬ್ಬಿಗಳ ಕತ್ತಿನ ಸುತ್ತ ಪೆನ್ಸಿಲ್ ಗೆರೆ ಬಿತ್ತು.

ಅವಳು ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ಅಳಿಸಿದಳು. ಮಾರನೆಯ ದಿನ ಗೆರೆ ಮತ್ತೆ ಬಂತು, ಇನ್ನೂ ಕಪ್ಪಾಗಿ. ಮತ್ತೆ ಅಳಿಸಿದಳು. ಮೂರನೆಯ ದಿನ, ಅಂದರೆ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ಬಾಗಿಲು ಚೌಕಟ್ಟಿಗೆ ಗುರುತು ಹಾಕುವ ಕೆಂಪು ಪೆನ್ಸಿಲ್ಲಿನ ಗೆರೆ. ನೀರಿಗೂ ಹೋಗಲಿಲ್ಲ, ಉಗುರಿಗೂ ಹೋಗಲಿಲ್ಲ. ಪಕ್ಕದಲ್ಲೇ ಸಣ್ಣ ಹಲ್ಲಿನ ಗರಗಸ ಎಣ್ಣೆ ಒರೆಸಿ ಇಟ್ಟಿತ್ತು. ಅವಳು ಗರಗಸ ಎತ್ತಿಕೊಂಡಳು, ಕೆಳಗಿಟ್ಟಳು. ಅತ್ತ ಹೋದರೆ ಬಾಣ ಮುಟ್ಟಲ್ಲ, ಇತ್ತ ಬಂದರೆ ಗುಬ್ಬಿ ಉಳಿಯಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ, ಅವತ್ತು ಗೊರಕೆಯೇ ಇರಲಿಲ್ಲ ಅನ್ನುವುದು ಆಗ ಅವಳಿಗೆ ಹೊಳೆಯಿತು.

“ರೀ, ಇದು ನಿಮ್ಮ ಗೆರೆ ತಾನೇ?”

“ಯಾವ ಗೆರೆ?”

“ನಾಟಕ ಸಾಕು. ಹದಿನೆಂಟು ದಿನ ಕೂತು ಕೆತ್ತಿದ್ರಿ ಇವನ್ನ. ಕಣ್ಣು ಮಾಡೋಕೇ ಎರಡು ದಿನ. ನನಗೆ ಕೊಯ್ಯೋಕೆ ಕೈ ಬರಲ್ಲ.”

ಮೇಸ್ತ್ರಿ ಕಿವಿಯ ಹಿಂದಿನ ಪೆನ್ಸಿಲ್ಲನ್ನು ತಡಕಿದ. ಆಮೇಲೆ ಬಂದು ಅವಳ ಎದುರು ನೆಲಕ್ಕೆ ಕೂತ.

“ಗುಬ್ಬಿ ಚೆಂದ ಮಾಡಿದ್ದು ನೀನು ಬಿಲ್ಲು ಹಿಡೀಲಿ ಅಂತ ಕಣೇ. ಬಿಲ್ಲು ಗೋಡೆಗೆ ಹೋದರೆ ಅದರ ಮೇಲೆ ಗುಬ್ಬಿ ಇದ್ದರೇನು, ಹದ್ದು ಇದ್ದರೇನು.”

“ನೀವೇ ಕೊಯ್ದುಕೊಡಿ ಹಾಗಾದ್ರೆ.”

“ಎಲ್ಲರೆದುರು ಮಾತಾಡಿಬಿಟ್ಟಿದ್ದೀನಲ್ಲ,” ಅಂದ ಮೇಸ್ತ್ರಿ, ಮೊದಲ ಸಲ ಆ ಮಾತಿಗೆ ನಾಚಿದವನ ಹಾಗೆ. “ಹಿಡ್ಕೋತೀನಿ. ನೀನು ಕೊಯ್ಯಿ. ಗೆರೆ ಬಿಟ್ಟು ಮೇಲೆ ಹೋಗು, ಕಚ್ಚಿಗೆ ತಗುಲಬಾರದು. ಒತ್ತಬೇಡ, ಗರಗಸ ತಾನೇ ನಡೆಯುತ್ತೆ.”

ಅವನು ಎರಡೂ ಕೈಯಲ್ಲಿ ಬಿಲ್ಲನ್ನು ಮಂಡಿಗೆ ಒತ್ತಿ ಹಿಡಿದ. ಬಾಯಿ ಮುಚ್ಚಿದ ಗುಬ್ಬಿ ಮೊದಲು ಬಿತ್ತು. ಎರಡನೆಯದಕ್ಕೆ ಗರಗಸ ಜಾರಿತು, ಅವನ ಬೆರಳಿಗೆ ಸಣ್ಣಗೆ ಗೀರಿತು. ಅವನು ಹಿಡಿತ ಬಿಡಲಿಲ್ಲ, ನಡೀಲಿ ಅನ್ನುವ ಹಾಗೆ ಗದ್ದ ಎತ್ತಿದ. ಎರಡೂ ಬಿದ್ದ ಮೇಲೆ ಅವಳು ಉಪ್ಪುಕಾಗದದಿಂದ ತುದಿಗಳನ್ನು ಉಜ್ಜಿ ನುಣುಪು ಮಾಡಿದಳು. ಅವನ ಬೆರಳಿಗೆ ಬಟ್ಟೆ ಕಟ್ಟಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಬಯಲಿನಲ್ಲಿ ಬಿಲ್ಲು ಬೇರೆಯದೇ ಸದ್ದು ಮಾಡಿತು. ಮೊದಲಿನ ‘ಧಡ್’ ಇಲ್ಲ, ಟಪ್ ಅಂತ ಒಂದು ಚಿಟಿಕೆ. ಬಾಣ ಎಷ್ಟು ಹೊತ್ತಾದರೂ ಇಳಿಯಲೇ ಒಲ್ಲದು. ಇಳಿದ ಮೇಲೆ ಡ್ರಿಲ್ ಮೇಷ್ಟ್ರು ಹೊಟ್ಟೆಯ ಮೇಲೆ ಮಲಗಿ, ಕನ್ನಡಕ ಹಣೆಗೇರಿಸಿ ನೋಡಿದರು. ಗರಿಯೆಲ್ಲ ಈಚೆ, ಮೊನೆ ಮಾತ್ರ ಸುಣ್ಣದೊಳಗೆ. ಮುಟ್ಟಿದೆ ಅಂತ ಕೈ ಎತ್ತಿದರು. ಟೈಲರಮ್ಮ ಹಿಂದಕ್ಕೆ ತಿರುಗಿ ಹುಡುಕಿದಳು. ಮೇಸ್ತ್ರಿ ಎಲ್ಲರಿಗಿಂತ ಹಿಂದೆ, ಬಟ್ಟೆ ಕಟ್ಟಿದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು, ಆಕಾಶದಲ್ಲಿ ಏನೋ ಇದೆ ಅನ್ನುವವನ ಹಾಗೆ ಮೇಲೆ ನೋಡುತ್ತಿದ್ದ. ಕಣ್ಣು ಒದ್ದೆಯಾಗಿತ್ತು.

ವಿಷಯ ತಿಳಿದಾಗ ತಂಗಿ ಒಂದು ವಾರ ಅಕ್ಕನ ಜೊತೆ ಮಾತು ಬಿಟ್ಟಳು. ಅಂಥ ಗುಬ್ಬಿಗಳನ್ನು ಕೊಯ್ಯೋಕೆ ಮನಸ್ಸಾದರೂ ಹೇಗೆ ಬಂತು, ಮಕ್ಕಳ ಸಾಲಿನಲ್ಲಿ ನಿಂತಿದ್ದರೆ ಗಂಟೇನು ಹೋಗುತ್ತಿತ್ತು ಅಂತ ಅವಳ ವಾದ. ಡ್ರಿಲ್ ಮೇಷ್ಟ್ರು ಮಾತ್ರ ಕೊಯ್ದದ್ದೇ ಸರಿ ಅಂದರು. ಈಗ ನೀವು ಹೇಳಿ, ಆ ಮಧ್ಯಾಹ್ನ ಗರಗಸ ನಿಮ್ಮ ಕೈಲಿದ್ದು, ಬಿಲ್ಲು ಹಿಡಿದು ಎದುರಿಗೆ ಕೂತಿದ್ದವನು ಗುಬ್ಬಿ ಕೆತ್ತಿದವನೇ ಆಗಿದ್ದರೆ, ನೀವೇನು ಮಾಡುತ್ತಿದ್ದಿರಿ?